ಕಾಯಿಲೆಯಿಂದ ಚೇತರಿಕೆ: ಬೇಸಗೆಯ ಬಯಲಿಗೆ ಇಳಿಯುವ ಮುನ್ನ

ಮಾವು ಹೂ ಬಿಟ್ಟು, ಗೇರುಬೀಜದ ಕೊಯ್ಲು ಸಮೀಪಿಸುವ ಹೊತ್ತಿಗೆ ಕರಾವಳಿಯಲ್ಲಿ ಮನೆಯ ಹೊರಗಿನ ಬದುಕು ಶುರುವಾಗುತ್ತದೆ. ಕೊಯ್ಲಾದ ಗದ್ದೆಗಳಲ್ಲಿ ಹುಡುಗರ ಕ್ರಿಕೆಟ್, ವಾಲಿಬಾಲ್, ಊರೂರಲ್ಲಿ ತೇರು, ಬಂಡಿಹಬ್ಬ, ರಾತ್ರಿ ಬಯಲಾಟ, ರಜೆಗೆಂದು ಮುಂಬಯಿ, ಬೆಂಗಳೂರು, ಕೊಲ್ಲಿ ದೇಶಗಳಿಂದ ಬರುವ ಮಕ್ಕಳು, ಮೊಮ್ಮಕ್ಕಳು, ಅವರೊಡನೆ ಕಾಸರಕೋಡು, ಮುರ್ಡೇಶ್ವರ, ಗೋಕರ್ಣಗಳ ಕಡಲ ದಂಡೆ. ಜೂನ್ ಮೊದಲ ವಾರದ ಸುಮಾರಿಗೆ ಮಳೆ ಹಿಡಿಯುವ ತನಕ ಇದೇ ಸಂಭ್ರಮ.

ಇದನ್ನೆಲ್ಲ ಜಗುಲಿಯಲ್ಲಿ ಕುಳಿತು ನೋಡುವವರು ಎಷ್ಟೋ ಮನೆಗಳಲ್ಲಿ ಇರುತ್ತಾರೆ. ಒಬ್ಬರಿಗೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದಾರೆ. ಇನ್ನೊಬ್ಬರು ಕ್ಯಾನ್ಸರಿಗೆ ಕಿಮೋಥೆರಪಿ ಮುಗಿಸಿ ಬಂದಿದ್ದಾರೆ. ಮತ್ತೊಬ್ಬರು ಕ್ಷಯ, ಡೆಂಗಿ, ನ್ಯುಮೋನಿಯಾ ಅಥವಾ ಪಾರ್ಶ್ವವಾಯುವಿನಿಂದ ಎದ್ದಿದ್ದಾರೆ. ‘ಈ ಸಲ ತೇರಿಗಾದರೂ ಹೋಗಬಹುದೇ?’ ಎಂದು ಅವರು ಕೇಳಿದರೆ ಮನೆಯಲ್ಲಿ ಎರಡು ಬಗೆಯ ಉತ್ತರ ಬರುತ್ತದೆ. ‘ನೀವು ಸುಮ್ಮನೆ ಮಲಗಿಕೊಳ್ಳಿ, ಬರುವ ವರ್ಷ ನೋಡುವ’ ಎಂಬುದು ಒಂದು. ‘ಈಗ ಆರಾಮಾಗಿದೆಯಲ್ಲ, ನಡೆಯಿರಿ ಹೋಗುವ’ ಎಂಬುದು ಇನ್ನೊಂದು. ಎರಡೂ ಪ್ರೀತಿಯಿಂದಲೇ ಬಂದ ಮಾತು. ಆದರೆ ಎರಡರಿಂದಲೂ ರೋಗಿಗೆ ಹಾನಿಯಾಗಬಹುದು.

ನಮ್ಮ ಭಾಗದಲ್ಲಿ ಈ ಪ್ರಶ್ನೆಗೆ ಇನ್ನಷ್ಟು ತೂಕವಿದೆ. ಹೊನ್ನಾವರದ ಮಾವಿನಕುರ್ವೆಯಿರಲಿ, ಭಟ್ಕಳ ಬಂದರದ ಬಳಿಯ ಮಾವಿನಕುರ್ವೆಯಿರಲಿ, ಕುಮಟಾದ ಹಳ್ಳಿಯಿರಲಿ, ದೊಡ್ಡ ಚಿಕಿತ್ಸೆಗೆ ಜನ ಹೋಗುವುದು ಹೆಚ್ಚಾಗಿ ಮಣಿಪಾಲ, ಮಂಗಳೂರು ಅಥವಾ ಹುಬ್ಬಳ್ಳಿಗೆ. ಭಟ್ಕಳದಿಂದ ಮಣಿಪಾಲಕ್ಕೇ ಸುಮಾರು 90 ಕಿಲೋಮೀಟರು. ಉತ್ತರ ಕನ್ನಡಕ್ಕೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಜಿಲ್ಲೆಯ ಜನ 2019ರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ದೊಡ್ಡ ಅಭಿಯಾನವನ್ನೇ ನಡೆಸಿದ್ದರು. ತಜ್ಞ ವೈದ್ಯರು ಇಷ್ಟು ದೂರವಿರುವಾಗ, ಮನೆಗೆ ಬಂದ ಮೇಲಿನ ತಿಂಗಳುಗಳನ್ನು ರೋಗಿಯೂ ಮನೆಯವರೂ ತಾವೇ ಲೆಕ್ಕಾಚಾರದಿಂದ ನಡೆಸಬೇಕಾಗುತ್ತದೆ. ಆ ಲೆಕ್ಕಾಚಾರವೇ ಈ ವಾರದ ವಿಷಯ.

ವಿಶ್ರಾಂತಿಗೂ ಪ್ರಮಾಣವಿದೆ

ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಕಾಗದದಲ್ಲಿ ಮಾತ್ರೆಗಳ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ ಎಂಬುದೆಲ್ಲ ಇರುತ್ತದೆ. ಕೊನೆಗೆ ‘ವಿಶ್ರಾಂತಿ ಪಡೆಯಬೇಕು’ ಎಂದು ಒಂದು ಸಾಲು. ಎಷ್ಟು ವಿಶ್ರಾಂತಿ, ಎಷ್ಟು ದಿನ, ಎಷ್ಟು ನಡಿಗೆ ಎಂಬುದು ಅದರಲ್ಲಿ ಹಲವು ವೇಳೆ ಇರುವುದಿಲ್ಲ. ಮನೆಯವರು ಅದನ್ನು ‘ಹಾಸಿಗೆ ಬಿಟ್ಟು ಏಳಬಾರದು’ ಎಂದು ಅರ್ಥ ಮಾಡಿಕೊಳ್ಳುತ್ತಾರೆ.

ಹಿಂದೆ ವೈದ್ಯರೂ ಹಾಗೆಯೇ ನಂಬಿದ್ದರು. 20ನೇ ಶತಮಾನದ ನಡುಭಾಗದ ತನಕ ಹೃದಯಾಘಾತವಾದವರನ್ನು ನಾಲ್ಕರಿಂದ ಆರು ವಾರ ಹಾಸಿಗೆಯಲ್ಲೇ ಮಲಗಿಸುತ್ತಿದ್ದರು. 1952ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯರಾದ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಇಂಥ ರೋಗಿಗಳನ್ನು ಬೇಗನೆ ಎಬ್ಬಿಸಿ ಆರಾಮಕುರ್ಚಿಯಲ್ಲಿ ಕೂರಿಸಬಹುದೆಂದು ತೋರಿಸಿದರು. 1955ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾಯಿತು. ಹಂತ ಹಂತವಾಗಿ ಓಡಾಡಲು ಕಲಿತ ಅವರು ಸುಮಾರು ಐದು ತಿಂಗಳಲ್ಲಿ, 1956ರ ಫೆಬ್ರುವರಿಯಲ್ಲಿ, ಗಾಲ್ಫ್ ಮೈದಾನಕ್ಕೆ ಮರಳಿದರು.

ಮಲಗಿರುವುದರಿಂದಲೇ ಆಗುವ ನಷ್ಟ ಎಷ್ಟೆಂಬುದು 1966ರಲ್ಲಿ ಡಲ್ಲಾಸ್ ನಗರದಲ್ಲಿ ನಡೆದ ಪ್ರಯೋಗದಿಂದ ತಿಳಿಯಿತು. 20ರ ಹರೆಯದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಲಾಯಿತು. ದುಡಿಮೆಯ ವೇಳೆ ಆಮ್ಲಜನಕ ಬಳಸುವ ಅವರ ದೇಹದ ಶಕ್ತಿ ಕಾಲುಭಾಗಕ್ಕಿಂತ ಹೆಚ್ಚು ಕುಸಿದಿತ್ತು. 30 ವರ್ಷಗಳ ಬಳಿಕ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, 30 ವರ್ಷದ ವಯಸ್ಸು ತಂದ ಕುಸಿತಕ್ಕಿಂತ ಆ ಮೂರು ವಾರದ ಹಾಸಿಗೆ ತಂದ ಕುಸಿತವೇ ಹೆಚ್ಚೆಂದು ಕಂಡುಬಂತು. ಆರು ತಿಂಗಳ ನಿಯಮಿತ ವ್ಯಾಯಾಮದಿಂದ ಕಳೆದುಕೊಂಡದ್ದನ್ನು ಅವರು ಮರಳಿ ಪಡೆದರು ಎಂಬುದೂ ಅಷ್ಟೇ ಮುಖ್ಯ.

ಎಳೆಯ, ಗಟ್ಟಿಮುಟ್ಟಾದ ಯುವಕರ ಕಥೆಯೇ ಹೀಗಾದರೆ, 60 ದಾಟಿದವರ ಪಾಡನ್ನು ಊಹಿಸಿಕೊಳ್ಳಬಹುದು. ಕಾಯಿಲೆಯಿಂದ ಎದ್ದವರನ್ನು ಕಾಡುವ ನಿಶ್ಶಕ್ತಿಯಲ್ಲಿ ಒಂದು ಪಾಲು ಕಾಯಿಲೆಯದು, ಒಂದು ಪಾಲು ಔಷಧದ್ದು, ಇನ್ನೊಂದು ಪಾಲು ಮಲಗಿದ್ದರದು. ಈ ಮೂರನೆಯ ಪಾಲನ್ನು ಕಡಿಮೆ ಮಾಡುವುದು ನಮ್ಮ ಕೈಯಲ್ಲೇ ಇದೆ.

ಆಸೆಯೂ ಔಷಧವೇ

‘ಬೇಸಗೆಗೆ ಹೊರಗೆ ಹೋಗಬೇಕು’ ಎಂಬ ರೋಗಿಯ ಆಸೆಯನ್ನು ಹಟ ಎಂದು ತಳ್ಳಿಹಾಕಬೇಡಿ. 1984ರಲ್ಲಿ ರೋಜರ್ ಉಲ್ರಿಚ್ ಎಂಬ ಸಂಶೋಧಕರು ಒಂದು ಕುತೂಹಲದ ವಿಷಯವನ್ನು ಪ್ರಕಟಿಸಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ, ಕಿಟಕಿಯಿಂದ ಮರಗಳು ಕಾಣುತ್ತಿದ್ದ ಕೋಣೆಯಲ್ಲಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದ ಕೋಣೆಯವರಿಗಿಂತ ಬೇಗ ಮನೆಗೆ ಹೋದರು. ಬಲವಾದ ನೋವುನಿವಾರಕಗಳೂ ಅವರಿಗೆ ಕಡಿಮೆ ಸಾಕಾದವು. ಅದು 46 ರೋಗಿಗಳ ಸಣ್ಣ ಅಧ್ಯಯನ. ಆದರೂ ತೋಟದ ನಡುವಿನ ಜಗುಲಿ ಎಷ್ಟು ಬೆಲೆಬಾಳುವಂಥದು ಎಂಬುದನ್ನು ಅದು ನೆನಪಿಸುತ್ತದೆ.

ದೊಡ್ಡ ಕಾಯಿಲೆಯ ಬಳಿಕ ಮನಸ್ಸು ಕುಗ್ಗುವುದೂ ಸಾಮಾನ್ಯ. ಹೃದಯಾಘಾತವಾದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಖಿನ್ನತೆ ಕಾಣಿಸಿಕೊಳ್ಳುತ್ತದೆ. ಖಿನ್ನತೆಯುಳ್ಳವರು ಮಾತ್ರೆ ತಪ್ಪಿಸುತ್ತಾರೆ, ಊಟ ಬಿಡುತ್ತಾರೆ, ನಡೆಯಲು ಒಲ್ಲೆ ಎನ್ನುತ್ತಾರೆ. ಎದುರು ನೋಡಲು ಒಂದು ದಿನ, ಒಂದು ಜಾಗ ಇದ್ದವರಿಗೆ ಬೆಳಿಗ್ಗೆ ಏಳಲು ಒಂದು ಕಾರಣ ಸಿಗುತ್ತದೆ. ಆದ್ದರಿಂದ ಆಸೆಯನ್ನು ಅದುಮಬೇಡಿ, ಅದನ್ನು ಅಳತೆಗೆ ತನ್ನಿ.

ಕ್ರಿಕೆಟಿಗ ಯುವರಾಜ್ ಸಿಂಗ್ ಅವರ ಉದಾಹರಣೆ ಓದುಗರಿಗೆ ನೆನಪಿರಬಹುದು. ಎದೆಯ ಭಾಗದ ಕ್ಯಾನ್ಸರಿಗೆ ಅಮೆರಿಕದಲ್ಲಿ ಕಿಮೋಥೆರಪಿ ಪಡೆದು 2012ರ ಏಪ್ರಿಲ್‌ನಲ್ಲಿ ಅವರು ದೇಶಕ್ಕೆ ಮರಳಿದರು. ಬಂದವರು ನೇರ ಮೈದಾನಕ್ಕಿಳಿಯಲಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತರಬೇತಿ ಪಡೆದು, ಸೆಪ್ಟೆಂಬರಿನಲ್ಲಿ ಚೆನ್ನೈನಲ್ಲಿ ನ್ಯೂಜಿಲೆಂಡ್ ವಿರುದ್ಧ ಆಡಿದರು. ವಯಸ್ಸು 30, ಜೊತೆಗೆ ತಜ್ಞರ ತಂಡ. ಆದರೂ ಅಷ್ಟು ತಿಂಗಳು ಬೇಕಾಯಿತು.

ಆಸೆಯನ್ನು ಬಿಡಿಸಿ ನೋಡಿ

‘ತೇರಿಗೆ ಹೋಗುವುದು’ ಎಂಬುದು ಒಂದೇ ಕೆಲಸವಲ್ಲ. ರಾಮನವಮಿಯಂದು ಭಟ್ಕಳದ ಚೆನ್ನಪಟ್ಟಣ ಹನುಮಂತ ದೇವರ ತೇರಿಗೆ ಹೋಗುವುದನ್ನೇ ತೆಗೆದುಕೊಳ್ಳಿ. ಬಸ್ಸಿನಲ್ಲೋ ಆಟೋದಲ್ಲೋ ಅರ್ಧ ಗಂಟೆ ಕುಲುಕಾಟ, ಅಲ್ಲಿಂದ ನಡಿಗೆ, ಜನಸಂದಣಿಯಲ್ಲಿ ಒಂದು ಗಂಟೆ ನಿಲ್ಲುವುದು, ಬಿಸಿಲು, ಸೆಕೆ, ಮೂತ್ರಕ್ಕೆ ಜಾಗ ಸಿಗದಿರುವುದು, ಮಾತ್ರೆಯ ಹೊತ್ತು ತಪ್ಪುವುದು, ಹೊರಗಿನ ತಿಂಡಿ, ಮರಳಿ ಬರುವ ಪ್ರಯಾಣ. ಇಷ್ಟೆಲ್ಲ ಸೇರಿ ‘ತೇರು’ ಆಗುತ್ತದೆ.

ಒಂದು ಹಾಳೆಯಲ್ಲಿ ಇವನ್ನೆಲ್ಲ ಬರೆಯಿರಿ. ಯಾವುದು ಈಗ ಸಾಧ್ಯ, ಯಾವುದನ್ನು ಅಭ್ಯಾಸ ಮಾಡಬಹುದು, ಯಾವುದನ್ನು ತಪ್ಪಿಸಬಹುದು ಎಂದು ಗುರುತು ಹಾಕಿ. ನಿಲ್ಲುವುದನ್ನು ಮನೆಯಲ್ಲೇ ಅಭ್ಯಾಸ ಮಾಡಬಹುದು. ಬಿಸಿಲನ್ನು ತಪ್ಪಿಸಬಹುದು. ತೇರು ಎಳೆಯುವ ಹೊತ್ತಿನ ನೂಕುನುಗ್ಗಲನ್ನು ಬಿಟ್ಟು ಮುಂಜಾನೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬರಬಹುದು.

ಬಯಲಾಟವೂ ಹಾಗೆಯೇ. ರಾತ್ರಿಯಿಡೀ ನಿದ್ದೆಗೆಟ್ಟರೆ ರಕ್ತದೊತ್ತಡ ಹಾಗೂ ಸಕ್ಕರೆಯ ಅಂಶ ಏರುಪೇರಾಗುತ್ತವೆ. ಈಗ ಕಾಲಮಿತಿಯ ಆಟಗಳೂ ನಡೆಯುತ್ತವೆ. ಅಂಥದನ್ನು ಆರಿಸಿಕೊಳ್ಳಿ, ಇಲ್ಲವೇ ಮೊದಲ ಭಾಗ ನೋಡಿ ಎದ್ದು ಬನ್ನಿ. ನೆಲದಲ್ಲಿ ಕೂರದೆ ಕುರ್ಚಿಯಲ್ಲಿ ಕುಳಿತು, ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಬಹಳ ಹೊತ್ತು ಕಾಲು ಮಡಚಿ ಕುಳಿತರೆ, ಈಚೆಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ.

ನಡಿಗೆಯ ಮೆಟ್ಟಿಲುಗಳು

ವೈದ್ಯರು ನಡೆಯಲು ಒಪ್ಪಿಗೆ ಕೊಟ್ಟವರು ಹೀಗೆ ಮುಂದುವರಿಯಬಹುದು.

ಮೊದಲನೆಯದು, ಹಾಸಿಗೆಯಿಂದ ಕುರ್ಚಿಗೆ. ಹಗಲು ಹೊತ್ತಿನಲ್ಲಿ ಊಟ, ಚಹಾ, ಮಾತುಕತೆ ಎಲ್ಲವೂ ಕುಳಿತೇ ಆಗಲಿ. ಗಟ್ಟಿ ಕುರ್ಚಿಯಲ್ಲಿ ಕುಳಿತು, ಕೈ ಊರದೆ ಎದ್ದು ಮತ್ತೆ ಕೂರುವುದನ್ನು ಐದು ಸಲ ಮಾಡಿ. ದಿನಕ್ಕೆ ಎರಡು ಹೊತ್ತು. ತೊಡೆಯ ಸ್ನಾಯುಗಳಿಗೆ ಇದಕ್ಕಿಂತ ಸುಲಭದ ವ್ಯಾಯಾಮವಿಲ್ಲ. ಕುರ್ವೆಯಲ್ಲಿ ದೋಣಿ ಹತ್ತಿಳಿಯಬೇಕಾದವರಿಗೂ ಬಸ್ಸಿನ ಮೆಟ್ಟಿಲು ಹತ್ತಬೇಕಾದವರಿಗೂ ಬೇಕಾದದ್ದು ಇದೇ ಶಕ್ತಿ.

ಎರಡನೆಯದು, ಅಂಗಳ. ಅಂಗಳದಲ್ಲಿ ಐದೈದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಒಮ್ಮೆಲೇ 20 ನಿಮಿಷ ನಡೆಯುವುದಕ್ಕಿಂತ ಬಿಡಿಬಿಡಿಯಾಗಿ ನಡೆಯುವುದು ಆರಂಭದಲ್ಲಿ ಒಳ್ಳೆಯದು.

ಮೂರನೆಯದು, ರಸ್ತೆ. ಇಲ್ಲಿ ವಿದ್ಯುತ್ ಕಂಬಗಳೇ ನಿಮ್ಮ ಅಳತೆಗೋಲು. ಇಂದು ಎರಡು ಕಂಬ ಹೋಗಿ ಬಂದಿರಾ? ಮೂರು ದಿನ ಅಷ್ಟೇ ಇರಲಿ. ಸುಸ್ತಿಲ್ಲವಾದರೆ ಮೂರು ಕಂಬ. ಹೋಗುವಾಗಲೇ ಬರುವ ದಾರಿಯನ್ನೂ ಲೆಕ್ಕ ಹಾಕಿ. ಶಕ್ತಿ ಅರ್ಧ ಮುಗಿಯುವ ಮೊದಲೇ ಹಿಂತಿರುಗಬೇಕು.

ನಾಲ್ಕನೆಯದು, ಏರು, ಮೆಟ್ಟಿಲು ಹಾಗೂ ಮರಳು. ಸಮತಟ್ಟಾದ ರಸ್ತೆಯಲ್ಲಿ 30 ನಿಮಿಷ ಆರಾಮವಾಗಿ ನಡೆಯಬಲ್ಲವರು ಮಾತ್ರ ಇದಕ್ಕೆ ಕೈಹಾಕಬೇಕು. ಮೃದು ಮರಳಿನಲ್ಲಿ ನಡೆಯಲು ರಸ್ತೆಯ ನಡಿಗೆಗಿಂತ ಬಹಳ ಹೆಚ್ಚು ಶ್ರಮ ಬೇಕು. ಕಡಲ ದಂಡೆಯಲ್ಲಿ ಅಲೆ ತೊಯಿಸಿ ಗಟ್ಟಿಯಾದ ಮರಳಿನ ಮೇಲೆ ನಡೆಯಿರಿ. ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಜೊತೆಯಲ್ಲಿ ಒಬ್ಬರು, ಕೈಯಲ್ಲೊಂದು ಕೋಲು ಇರಲೇಬೇಕು.

ಸರಿಯಾದ ವೇಗ ಯಾವುದು? ನಡೆಯುತ್ತ ಜೊತೆಯವರೊಡನೆ ಪೂರ್ಣ ವಾಕ್ಯ ಮಾತಾಡಲು ಆಗಬೇಕು, ಆದರೆ ಹಾಡಲು ಕಷ್ಟವಾಗಬೇಕು. ಎರಡು ಪದಕ್ಕೊಮ್ಮೆ ಉಸಿರು ಕಟ್ಟುತ್ತಿದ್ದರೆ ವೇಗ ಹೆಚ್ಚಾಯಿತು. ಕೆಲವು ಮಾತ್ರೆಗಳು ನಾಡಿಯ ವೇಗವನ್ನು ಏರಗೊಡುವುದಿಲ್ಲ. ಮೆಟೊಪ್ರೊಲಾಲ್, ಅಟೆನೊಲಾಲ್ ಅಂಥವು. ಅವನ್ನು ತೆಗೆದುಕೊಳ್ಳುವವರು ನಾಡಿಯನ್ನು ನಂಬದೆ ಮಾತಿನ ಪರೀಕ್ಷೆಯನ್ನೇ ನಂಬಬೇಕು.

ಇನ್ನೊಂದು ನಿಯಮ ಮರುದಿನ ಬೆಳಗಿನದು. ನಿನ್ನೆಯ ಸುಸ್ತು ರಾತ್ರಿಯ ನಿದ್ದೆಯ ಬಳಿಕವೂ ಹೋಗದಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ಇದು ಸೋಲಲ್ಲ. ಡೆಂಗಿ, ಕೋವಿಡ್ ಮುಂತಾದ ವೈರಾಣು ಜ್ವರಗಳ ಬಳಿಕ ಕೆಲವರಲ್ಲಿ ಸ್ವಲ್ಪ ಶ್ರಮಪಟ್ಟರೂ ಒಂದೆರಡು ದಿನ ಬಿಟ್ಟು ನಿಶ್ಶಕ್ತಿ ಅಪ್ಪಳಿಸುತ್ತದೆ. ಅಂಥವರು ‘ಪ್ರತಿದಿನ ಸ್ವಲ್ಪ ಹೆಚ್ಚು’ ಎಂಬ ನಿಯಮಕ್ಕೆ ಜೋತು ಬೀಳಬಾರದು. ವೈರಾಣು ಜ್ವರದಿಂದ ಹೃದಯದ ಸ್ನಾಯುವಿಗೆ ಉರಿಯೂತವಾಗಿತ್ತೆಂದು ವೈದ್ಯರು ಹೇಳಿದ್ದರೆ, ಹಲವು ತಿಂಗಳ ಕಾಲ ಅವರ ಅನುಮತಿಯಿಲ್ಲದೆ ಯಾವ ಆಟಕ್ಕೂ ಇಳಿಯಬಾರದು. ಹದಿಹರೆಯದವರು ಇದನ್ನು ಲಕ್ಷ್ಯದಲ್ಲಿಡಬೇಕು.

ಕರಾವಳಿಯ ಸೆಕೆ

ಬಯಲುಸೀಮೆಯ ಬಿಸಿಲಿಗೂ ನಮ್ಮ ಸೆಕೆಗೂ ವ್ಯತ್ಯಾಸವಿದೆ. ದೇಹ ತಂಪಾಗುವುದು ಬೆವರು ಆರಿದಾಗ. ಕರಾವಳಿಯ ಗಾಳಿಯಲ್ಲಿ ತೇವಾಂಶ ಹೆಚ್ಚಿರುವುದರಿಂದ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ಆದ್ದರಿಂದ ಉಷ್ಣಾಂಶ 34 ಡಿಗ್ರಿ ಎಂದಿದ್ದರೂ ದೇಹಕ್ಕೆ ಅದು ಇನ್ನೂ ಹೆಚ್ಚಿನ ಹೊರೆ. ಸೆಕೆಗೆ ಹೊಂದಿಕೊಳ್ಳಲು ಆರೋಗ್ಯವಂತ ದೇಹಕ್ಕೇ ಒಂದೆರಡು ವಾರ ಬೇಕು. ವಾರಗಟ್ಟಲೆ ಆಸ್ಪತ್ರೆಯ ಎ.ಸಿ. ಕೋಣೆಯಲ್ಲಿದ್ದು ಬಂದವರಿಗೆ ಇನ್ನೂ ಹೆಚ್ಚು. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಬಳಿಕ ಹೊರಗೆ ಹೋಗಿ. 11ರಿಂದ 4ರ ತನಕ ನೆರಳಲ್ಲೇ ಇರಿ.

ಬಾಯಾರಿಕೆಗೆ ನೀರು, ತೆಳು ಮಜ್ಜಿಗೆ, ಮುರುಗಲು ಹಣ್ಣಿನ ಪಾನಕ, ಅಪ್ಪೆಹುಳಿ ಎಲ್ಲವೂ ಒಳ್ಳೆಯವೇ. ಆದರೆ ಎಲ್ಲರಿಗೂ ಎಲ್ಲವೂ ಅಲ್ಲ. ಹೃದಯದ ಪಂಪಿನ ಶಕ್ತಿ ಕುಗ್ಗಿದವರಿಗೆ ದಿನಕ್ಕೆ ಇಷ್ಟೇ ನೀರು ಎಂಬ ಮಿತಿ ಹಾಕಿರಬಹುದು. ಎಳನೀರು, ಗಂಜಿತಿಳಿಯೂ ಆ ಲೆಕ್ಕಕ್ಕೇ ಸೇರಬೇಕು. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡದ ತೊಂದರೆ ಇರುವವರು, ಸ್ಪೈರೊನೊಲ್ಯಾಕ್ಟೋನ್ ಅಥವಾ ರಾಮಿಪ್ರಿಲ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಅದನ್ನು ವೈದ್ಯರನ್ನು ಕೇಳಿಯೇ ಕುಡಿಯಬೇಕು. ರಕ್ತದೊತ್ತಡ, ಹೃದ್ರೋಗ ಇರುವವರಿಗೆ ಉಪ್ಪು ಹಾಕಿದ ಗಂಜಿಯ ಜೊತೆ ಉಪ್ಪಿನಕಾಯಿ, ಒಣಮೀನು ಸೇರಿದರೆ ಉಪ್ಪಿನ ಅಂಶ ವಿಪರೀತವಾಗುತ್ತದೆ.

ಮೂತ್ರ ಹೆಚ್ಚಿಸುವ ಮಾತ್ರೆ, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಿಗೆ ಬೇಸಗೆಯಲ್ಲಿ ಎದ್ದು ನಿಂತಾಗ ಕಣ್ಣು ಕತ್ತಲಿಟ್ಟಂತೆ ಆಗಬಹುದು. ಹಾಗಾದರೆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ, ರಕ್ತದೊತ್ತಡ ಪರೀಕ್ಷಿಸಿಕೊಂಡು ವೈದ್ಯರನ್ನು ಕಾಣಿ. ಡಾಕ್ಸಿಸೈಕ್ಲಿನ್, ಅಮಿಯೊಡರೋನ್, ಕಿಮೋಥೆರಪಿಯ ಕೆಲವು ಔಷಧಗಳು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುತ್ತವೆ. ಅಂಥವರಿಗೆ ಉದ್ದ ತೋಳಿನ ಹತ್ತಿಬಟ್ಟೆ, ಅಗಲ ಟೋಪಿ, ಕೊಡೆ ಬೇಕೇಬೇಕು. ಇನ್ಸುಲಿನ್‌ಅನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. ಫ್ರಿಜ್ ಇಲ್ಲದ ಮನೆಯಲ್ಲಿ ತೇವದ ಮಣ್ಣಿನ ಮಡಕೆಯೊಳಗೆ, ನೀರು ತಾಗದ ಹಾಗೆ ಇಡಬಹುದು.

ಯಾರಿಗೆ ಯಾವ ಎಚ್ಚರ?

ಬೈಪಾಸ್ ಶಸ್ತ್ರಚಿಕಿತ್ಸೆಯಾದವರು: ಸೀಳಿದ ಎದೆಮೂಳೆ ಚೆನ್ನಾಗಿ ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಅಲ್ಲಿಯ ತನಕ ಬಾವಿಯಿಂದ ನೀರು ಸೇದುವುದು, ತೆಂಗಿನಕಾಯಿ ಸುಲಿಯುವುದು, ಬಲೆ ಎಳೆಯುವುದು, ಹುಟ್ಟು ಹಾಕುವುದು, ಬೈಕ್ ಓಡಿಸುವುದು ಬೇಡ. ತುಂಬಿದ ಕೊಡಪಾನವೂ ಭಾರವೇ. ನಡಿಗೆಗೆ ಮಾತ್ರ ಅಡ್ಡಿಯಿಲ್ಲ.

ಸ್ಟೆಂಟ್ ಹಾಕಿಸಿಕೊಂಡವರು: ‘ದಾರಿ ಸರಿಯಾಯಿತು’ ಎಂಬ ಧೈರ್ಯದಿಂದ ಒಂದೇ ವಾರದಲ್ಲಿ ಮೊದಲಿನಂತೆ ದುಡಿಯಲು ಹೊರಡುವುದು ತಪ್ಪು. ಹೃದಯಾಘಾತವಾಗಿದ್ದರೆ ಸ್ನಾಯುವಿಗಾದ ಗಾಯ ಮಾಯಲು ವಾರಗಳೇ ಬೇಕು. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಗಳನ್ನು ಒಂದು ದಿನವೂ ತಪ್ಪಿಸಬಾರದು. ಪ್ರವಾಸದ ಚೀಲದಲ್ಲಿ ಮೊದಲು ಹೋಗಬೇಕಾದದ್ದು ಅವೇ.

ಕಿಮೋಥೆರಪಿ ಪಡೆಯುತ್ತಿರುವವರು: ಪ್ರತಿ ಸುತ್ತಿನ ಬಳಿಕ ಸಾಮಾನ್ಯವಾಗಿ 7ರಿಂದ 14ನೇ ದಿನದ ನಡುವೆ ಬಿಳಿ ರಕ್ತಕಣಗಳು ಅತಿ ಕಡಿಮೆಯಾಗಿರುತ್ತವೆ. ಜಾತ್ರೆ, ಮದುವೆ, ಮಕ್ಕಳ ಗುಂಪು, ಐಸ್ ಹಾಕಿದ ಕಬ್ಬಿನ ಹಾಲು ಆ ದಿನಗಳಲ್ಲಿ ಬೇಡ. ಕುದಿಸಿ ಆರಿಸಿದ ನೀರನ್ನೇ ಕುಡಿಯಿರಿ. ಮಣ್ಣಿನ ಕೆಲಸವಿದ್ದರೆ ಕೈಗವಸು ಹಾಕಿಕೊಳ್ಳಿ. ಹೊರಗೆ ಹೋಗುವ ದಿನವನ್ನು ಮುಂದಿನ ಸುತ್ತಿಗೆ ಮುಂಚಿನ ವಾರದಲ್ಲಿ ಇಟ್ಟುಕೊಳ್ಳುವುದು ಜಾಣತನ. ವಿಕಿರಣ ಚಿಕಿತ್ಸೆಯಾದ ಜಾಗವನ್ನು ಬಿಸಿಲಿನಿಂದ ಮುಚ್ಚಿಡಬೇಕು. ಚರ್ಮ ಪೂರ್ತಿ ಮಾಯುವ ತನಕ ಉಪ್ಪುನೀರು ತಾಗಿಸಬಾರದು.

ಕ್ಷಯ ರೋಗಿಗಳು: ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧ. ಎರಡು ತಿಂಗಳಲ್ಲೇ ಕೆಮ್ಮು, ಜ್ವರ ಹೋಗಿ ಮೈಕೈ ತುಂಬಿಕೊಂಡಾಗ ‘ಗುಣವಾಯಿತು’ ಎಂದು ಮಾತ್ರೆ ಬಿಡುವವರಿದ್ದಾರೆ. ದೋಣಿಗೋ ಊರ ಹೊರಗಿನ ಕೆಲಸಕ್ಕೋ ಹೋಗುವವರು ಅಷ್ಟೂ ದಿನಗಳ ಮಾತ್ರೆಯನ್ನು ಆರೋಗ್ಯ ಕೇಂದ್ರದಿಂದ ಮೊದಲೇ ಪಡೆದುಕೊಳ್ಳಬೇಕು.

ನೀರಿಗೆ ಇಳಿಯುವುದು, ಬೆಟ್ಟ ಹತ್ತುವುದು

ಹೊಳೆ, ಕಡಲು ಕಣ್ಣೆದುರೇ ಇರುವ ಊರಿನವರಿಗೆ ಈಜು ಬಲುದೊಡ್ಡ ಆಸೆ. ಹೊಲಿಗೆ ಬಿಚ್ಚಿ ಗಾಯ ಪೂರ್ತಿ ಒಣಗುವ ಮುನ್ನ ನೀರಿಗಿಳಿಯಬಾರದು. ಔಷಧ ಕೊಡಲು ಕೈಗೋ ಎದೆಗೋ ನಳಿಕೆ ಹಾಕಿದ್ದರೆ ಈಜು ಸರ್ವಥಾ ಬೇಡ. ಹೊಳೆಯಲ್ಲಿ ಇಳಿತದ ಹೊತ್ತಿನ ಸೆಳೆತ ಎಷ್ಟೆಂಬುದು ಕುರ್ವೆಯವರಿಗೆ ಹೇಳಬೇಕಾಗಿಲ್ಲ. ಮೊದಲು ಚೆನ್ನಾಗಿ ಈಜುತ್ತಿದ್ದವರಿಗೇ ಅಪಾಯ ಹೆಚ್ಚು. ಈಜು ಮನಸ್ಸಿಗೆ ನೆನಪಿರುತ್ತದೆ, ತೋಳಿನಲ್ಲಿ ಮಾತ್ರ ಶಕ್ತಿ ಇರುವುದಿಲ್ಲ. ಈ ವರ್ಷ ಮೊಣಕಾಲುದ್ದದ ನೀರಲ್ಲಿ ನಿಂತು ಸಂತೋಷಪಡಿ. ದಂಡೆಯ ಕಾವಲುಗಾರರು ಬೇಡವೆಂದಾಗ ಅದೂ ಬೇಡ.

ಬೆಟ್ಟದ ಬದಿಯ ಹಳ್ಳಿಗಳವರಿಗೆ ಇನ್ನೊಂದು ಎಚ್ಚರ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉತ್ತರ ಕನ್ನಡದಲ್ಲೂ ಕಾಣಿಸಿಕೊಂಡಿದೆ. ಇದು ಹೆಚ್ಚಾಗಿ ಹರಡುವುದು ಡಿಸೆಂಬರಿನಿಂದ ಮೇ ತನಕ. ದರಕು ಗುಡಿಸಲು, ಸೌದೆ ತರಲು ಜನ ಕಾಡಿಗೆ ಹೋಗುವ ಕಾಲವೂ ಅದೇ. ಉಣುಗುಗಳ ಕಡಿತದಿಂದ ಅದು ಅಂಟುತ್ತದೆ. ಈ ಜ್ವರದಿಂದ ಎದ್ದವರಿಗೆ ನಿಶ್ಶಕ್ತಿ ವಾರಗಟ್ಟಲೆ ಇರುತ್ತದೆ. ಕೆಲವರಿಗೆ ಒಮ್ಮೆ ಇಳಿದ ಜ್ವರ ವಾರ, ಎರಡು ವಾರ ಬಿಟ್ಟು ತಲೆನೋವಿನೊಂದಿಗೆ ಮರುಕಳಿಸುತ್ತದೆ. ಬೇರೆ ಕಾಯಿಲೆಯಿಂದ ಬಳಲಿದವರು ಈ ತಿಂಗಳುಗಳಲ್ಲಿ ಕಾಡಿನ ಕೆಲಸವನ್ನು ಬೇರೆಯವರಿಗೆ ಬಿಡಬೇಕು. ಹೋಗಲೇಬೇಕಾದವರು ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆ ಕೊಡುವ ತೈಲ ಹಚ್ಚಿ, ಬಂದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಬೇಕು.

ಊಟದ ಮಾತು

ಕಳೆದುಕೊಂಡ ಮಾಂಸಖಂಡ ನಡಿಗೆಯೊಂದರಿಂದಲೇ ಮರಳಿ ಬರುವುದಿಲ್ಲ. ಅದಕ್ಕೆ ಪ್ರೋಟೀನ್ ಬೇಕು. ಚೇತರಿಸಿಕೊಳ್ಳುತ್ತಿರುವವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.2 ಗ್ರಾಂ ಪ್ರೋಟೀನ್ ಒಳ್ಳೆಯದು; 50 ಕಿಲೋ ತೂಕದವರಿಗೆ ಸುಮಾರು 60 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಬಂಗಡೆ ಮೀನಿನಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇದೆ. ಸಸ್ಯಾಹಾರಿಗಳು ಹೆಸರುಕಾಳು, ತೊಗರಿಬೇಳೆ, ಹಾಲು, ಮೊಸರು, ಶೇಂಗಾವನ್ನು ಮೂರು ಹೊತ್ತಿಗೂ ಹಂಚಿಕೊಳ್ಳಬೇಕು. ‘ಜ್ವರದಿಂದ ಎದ್ದವರಿಗೆ ಬರೀ ಗಂಜಿ’ ಎಂಬ ಪಥ್ಯವನ್ನು ವಾರಗಟ್ಟಲೆ ನಡೆಸಿದರೆ ನಿಶ್ಶಕ್ತಿ ಹೆಚ್ಚುತ್ತದೆ. ಮೂತ್ರಪಿಂಡದ ಕಾಯಿಲೆಯವರು ಮಾತ್ರ ಪ್ರೋಟೀನಿನ ಪ್ರಮಾಣವನ್ನು ವೈದ್ಯರಿಂದಲೇ ತಿಳಿಯಬೇಕು.

ಮನೆಯವರಿಗೆ ಒಂದು ಮಾತು

ಕಾಯಿಲೆಯಿಂದ ಎದ್ದವರ ಕೈಯಿಂದ ಎಲ್ಲ ಕೆಲಸ ಕಿತ್ತುಕೊಳ್ಳಬೇಡಿ. ಮಲ್ಲಿಗೆ ಮೊಗ್ಗು ಕಟ್ಟುವುದು, ಸೊಪ್ಪು ಬಿಡಿಸುವುದು, ಗದ್ದೆಯಂಚಿನಲ್ಲಿ ಕುಳಿತು ಮೊಮ್ಮಕ್ಕಳ ಆಟಕ್ಕೆ ಅಂಪೈರ್ ಆಗುವುದು, ಇವೂ ಹೊರಾಂಗಣದ ಚಟುವಟಿಕೆಗಳೇ. ‘ಅಜ್ಜನಿಗೆ ಆಗುವುದಿಲ್ಲ’ ಎಂದು ಮಕ್ಕಳೆದುರು ಹೇಳುವ ಬದಲು ‘ಅಜ್ಜ ಮೂರು ಕಂಬ ಬರುತ್ತಾರೆ, ನೀವೂ ಜೊತೆಗೆ ಹೋಗಿ’ ಎನ್ನಿ. ನೆಂಟರಿಷ್ಟರು ಬಂದಾಗ ಒತ್ತಾಯಿಸಿ ಕೂರಿಸಿ ಗಂಟೆಗಟ್ಟಲೆ ಮಾತಾಡಿಸುವುದೂ ಒಂದು ಶ್ರಮವೆಂದು ನೆನಪಿಡಿ.

ಎರಡು ವಾರ ಮೀರಿ ಯಾವುದರಲ್ಲೂ ಆಸಕ್ತಿಯಿಲ್ಲದೆ, ನಿದ್ದೆಯಿಲ್ಲದೆ, ಸುಮ್ಮನೆ ಅಳುತ್ತಿದ್ದರೆ ಅದನ್ನು ‘ಬೇಜಾರು’ ಎಂದು ಬಿಟ್ಟುಬಿಡಬೇಡಿ. ವೈದ್ಯರಿಗೆ ತಿಳಿಸಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ನಿಲ್ಲಿಸಬೇಕಾದ ಸೂಚನೆಗಳು

ಎದೆನೋವು ಅಥವಾ ಎದೆ ಬಿಗಿತ, ಕುಳಿತರೂ ಕಡಿಮೆಯಾಗದ ಉಬ್ಬಸ, ತಲೆಸುತ್ತಿ ಬೀಳುವಂತಾಗುವುದು, ಎದೆಬಡಿತ ತಪ್ಪಿದಂತಾಗುವುದು, ಮಾತು ತೊದಲುವುದು, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಸೆಕೆಯಲ್ಲಿ ಗೊಂದಲ ಹತ್ತಿದಂತೆ ಮಾತಾಡುವುದು, ಇವುಗಳಲ್ಲಿ ಯಾವುದೇ ಕಂಡರೂ ಅಲ್ಲಿಗೇ ನಿಲ್ಲಿಸಿ 108ಕ್ಕೆ ಕರೆ ಮಾಡಿ. ಕಿಮೋಥೆರಪಿ ಪಡೆಯುತ್ತಿರುವವರಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬಾರದು; ಅದು ತುರ್ತು ಸ್ಥಿತಿ. ಹೃದಯ ದುರ್ಬಲವಾದವರಲ್ಲಿ ಎರಡು ಮೂರು ದಿನಗಳಲ್ಲಿ ತೂಕ ಎರಡು ಕಿಲೋ ಏರಿದರೆ ದೇಹದಲ್ಲಿ ನೀರು ನಿಲ್ಲುತ್ತಿದೆಯೆಂದು ತಿಳಿದು ಕೂಡಲೇ ವೈದ್ಯರನ್ನು ಕಾಣಬೇಕು.

ವೈದ್ಯರಲ್ಲಿ ಹೀಗೆ ಕೇಳಿ

‘ಹೊರಗೆ ಹೋಗಬಹುದೇ?’ ಎಂದು ಕೇಳಿದರೆ ಸಿಗುವ ಉತ್ತರ ‘ನೋಡಿಕೊಂಡು ಹೋಗಿ’ ಎಂದಷ್ಟೇ. ಅದರ ಬದಲು ಮುಂದಿನ ಭೇಟಿಗೆ ಈ ಐದು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ:

1. ದಿನಕ್ಕೆ ಎಷ್ಟು ನಿಮಿಷ ನಡೆಯಬೇಕು, ವಾರಕ್ಕೆ ಎಷ್ಟು ಹೆಚ್ಚಿಸಬಹುದು?
2. ಎಷ್ಟು ಭಾರ ಎತ್ತಬಹುದು, ಎಂದಿನಿಂದ?
3. ಬೇಸಗೆಯಲ್ಲಿ ದಿನಕ್ಕೆ ಎಷ್ಟು ನೀರು ಕುಡಿಯಬಹುದು?
4. ನನ್ನ ಮಾತ್ರೆಗಳಲ್ಲಿ ಬಿಸಿಲು, ಸೆಕೆಗೆ ತೊಂದರೆ ಕೊಡುವಂಥವು ಇವೆಯೇ?
5. ಇಂಥ ದಿನ, ಇಂಥಲ್ಲಿಗೆ ಹೋಗಬೇಕೆಂದಿದ್ದೇನೆ. ಅದಕ್ಕೆ ಮುಂಚೆ ಯಾವ ಪರೀಕ್ಷೆ ಆಗಬೇಕು?

ಐದನೆಯ ಪ್ರಶ್ನೆಯನ್ನು ಬಿಡಲೇಬೇಡಿ. ರೋಗಿ ಏನನ್ನು ಎದುರು ನೋಡುತ್ತಿದ್ದಾರೆಂದು ವೈದ್ಯರಿಗೆ ಗೊತ್ತಾದರೆ ಸಲಹೆಯೂ ಅದಕ್ಕೆ ತಕ್ಕಂತೆ ಬರುತ್ತದೆ. ತೇರಿನ ದಿನ ಮೊದಲೇ ನಿಶ್ಚಯವಾಗಿರುತ್ತದೆ, ದೇಹ ಮಾತ್ರ ಆ ಪಂಚಾಂಗ ನೋಡಿ ಗುಣವಾಗುವುದಿಲ್ಲ. ಏಪ್ರಿಲಿನ ತೇರಿಗೆ ಆಗದಿದ್ದರೆ ಮೇ ತಿಂಗಳ ಬಂಡಿಹಬ್ಬವಿದೆ. ಅದಕ್ಕೂ ಆಗದಿದ್ದರೆ ಮಳೆಗಾಲ ಕಳೆದು, ಸೆಕೆಯಿಲ್ಲದ ಡಿಸೆಂಬರ್ ಕಡಲ ದಂಡೆಗೆ ಇನ್ನೂ ಹಿತವಾದ ಕಾಲ. ದಿನಾಂಕ ಮುಂದೆ ಹೋದರೂ ಅಭ್ಯಾಸ ನಿಲ್ಲದಿರಲಿ. ಈ ಸಂಜೆ ಬಿಸಿಲು ಇಳಿದ ಮೇಲೆ, ಜೊತೆಗೊಬ್ಬರನ್ನು ಕರೆದುಕೊಂಡು, ಮನೆಯೆದುರಿನ ಮೊದಲ ಕಂಬದ ತನಕ ಹೋಗಿ ಬನ್ನಿ.